ಸಖಾರ್ಥ್: ಗೋಡೆಯಿಲ್ಲದ ಕೋಟೆಗೆ ನಾಲ್ಕೂವರೆ ಅಂಕ

ಬ್ರಿಟನ್ನಿನ ವೇಲ್ಸ್ ನಾಡಿನ ಸಖಾರ್ಥ್ ಎಂಬ ಹಳೆಯ ಮಣ್ಣಿನ ಕೋಟೆಗೆ ಐದರಲ್ಲಿ ನಾಲ್ಕೂವರೆ ಕೊಡುತ್ತಿದ್ದೇನೆ. ಅರ್ಧ ಅಂಕ ಏಕೆ ಹಿಡಿದಿಟ್ಟುಕೊಂಡೆ ಎಂದು ಆಮೇಲೆ ಹೇಳುತ್ತೇನೆ. ಉಳಿದ ನಾಲ್ಕೂವರೆ ಏಕೆಂದು ತಿಳಿಸುವುದಕ್ಕೇ ಇಷ್ಟುದ್ದ ಬರೆಯಲು ಕುಳಿತದ್ದು. ಇಲ್ಲಿಗೆ ಹೋಗಿಬಂದವರು "ಬರೀ ಹುಲ್ಲಿನ ದಿಬ್ಬ, ನೋಡಲು ಏನೂ ಇಲ್ಲ" ಎಂದು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾನು ಇಂಗ್ಲೆಂಡಿನ ಆಸ್ವೆಸ್ಟ್ರಿ ಎಂಬ ಊರಿನಲ್ಲಿ ಏಳು ವರ್ಷಗಳಿಂದ ನರ್ಸ್ ಆಗಿದ್ದೇನೆ. ಊರು ಇಂಗ್ಲೆಂಡಿನದಾದರೂ ವೇಲ್ಸ್‌ನ ಗಡಿಗೆ ಒರಗಿಕೊಂಡಿದೆ. ಪೇಟೆಯಲ್ಲಿ ವೆಲ್ಷ್ ಮಾತು ಕಿವಿಗೆ ಬೀಳುತ್ತದೆ. ಬೆಂಗಳೂರಿನಿಂದ, ಲಂಡನ್ನಿನಿಂದ ನಮ್ಮವರು ಯಾರೇ ಬಂದರೂ ಕಾನ್ವಿ, ಕಾರ್ನಾರ್ವನ್ ಕೋಟೆಗಳನ್ನು ನೋಡಬೇಕು ಎನ್ನುತ್ತಾರೆ. ನೋಡಲೇಬೇಕಾದವೇ ಅವು. ಆದರೆ ಅವು 1283ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ವೇಲ್ಸ್ ಅನ್ನು ಗೆದ್ದು, ಗೆದ್ದ ನೆಲವನ್ನು ಅದುಮಿ ಹಿಡಿಯಲು ಕಟ್ಟಿಸತೊಡಗಿದ ಕಲ್ಲಿನ ಕೋಟೆಗಳು. ಸೋತ ವೆಲ್ಷ್ ಜನರ ನಾಯಕನೊಬ್ಬನ ಮನೆ ಹೇಗಿತ್ತು, ಅದು ಏನಾಯಿತು ಎಂದು ತಿಳಿಯಬೇಕಾದರೆ ನಮ್ಮೂರಿನಿಂದ ಪಡುವಣಕ್ಕೆ ಅರ್ಧ ಗಂಟೆಯೂ ಆಗದ ದಾರಿಯಲ್ಲಿರುವ ಸಖಾರ್ಥ್‌ಗೆ ಬರಬೇಕು. ಲಾನ್‌ಸಿಲಿನ್ ಹಳ್ಳಿಯನ್ನು ದಾಟಿ ತುಸು ದಕ್ಷಿಣಕ್ಕೆ ಹೋದರೆ ಕನ್‌ಲೈಥ್ ಎಂಬ ಹೊಳೆಯ ಕಣಿವೆ ಸಿಗುತ್ತದೆ. ಅಲ್ಲಿದೆ.

ಇದು ಯಾವ ಬಗೆಯ ಕೋಟೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇದನ್ನು ತಿಳಿಯದೆ ಹೋದವರೇ ಬೇಸರಪಟ್ಟು ಹಿಂತಿರುಗುವುದು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರಿಗೆ ಕಲ್ಲು ಕಡಿದು ಕೋಟೆ ಕಟ್ಟಲು ಪುರುಸೊತ್ತು ಇರಲಿಲ್ಲ. ದುಂಡಗೆ ಅಗಳು ತೋಡಿ, ತೋಡಿದ ಮಣ್ಣನ್ನು ನಡುವೆ ಸುರಿದು, ಪದರ ಪದರವಾಗಿ ದಮ್ಮಸು ಮಾಡಿ ದಿಬ್ಬ ಎಬ್ಬಿಸುತ್ತಿದ್ದರು. ಆ ದಿಬ್ಬಕ್ಕೆ ಮಾಟ್ ಎಂದು ಹೆಸರು. ನೆತ್ತಿಯ ಮೇಲೆ ಮರದ ಗೋಪುರ, ಸುತ್ತ ಮರದ ದಿಮ್ಮಿಗಳ ಬೇಲಿ. ದಿಬ್ಬದ ಮಗ್ಗುಲಲ್ಲಿ ಇನ್ನೊಂದು ಅಗಳು, ಏರಿಗಳಿಂದ ಬಳಸಿದ ಅಂಗಳ, ಅದು ಬೈಲಿ. ಕುದುರೆ ಲಾಯ, ಅಡುಗೆಮನೆ, ಕಮ್ಮಾರಸಾಲೆ, ಆಳುಕಾಳುಗಳ ಗುಡಿಸಲು ಎಲ್ಲವೂ ಅಲ್ಲಿ. ಫ್ರಾನ್ಸಿನ ಬಾಯು ಊರಿನ, ಆ ಕಾಲದ ಕಸೂತಿ ಪಟದಲ್ಲಿ ಹೇಸ್ಟಿಂಗ್ಸ್‌ನಲ್ಲಿ ಇಂಥ ದಿಬ್ಬ ಏರುತ್ತಿರುವ ಚಿತ್ರವೇ ಇದೆ. ಗುದ್ದಲಿ ಹಿಡಿದ ಆಳುಗಳು ಮಣ್ಣು ಎಸೆಯುತ್ತಿದ್ದಾರೆ. ವೆಲ್ಷ್ ಅರಸರೂ ಬಲುಬೇಗ ಈ ವಿದ್ಯೆ ಕಲಿತರು. ರುಥಿನ್ ಊರಿನ ಹತ್ತಿರ ತೋಮೆನ್ ಅ ರೋದ್‌ವಿದ್ ಎಂಬ ದಿಬ್ಬವನ್ನು 1149ರಲ್ಲಿ ಕಟ್ಟಿಸಿದವನು ವೆಲ್ಷ್ ದೊರೆ ಓವೈನ್ ಗ್ವಿನೆದ್. ತೋಮೆನ್ ಎಂದರೆ ವೆಲ್ಷ್‌ನಲ್ಲಿ ಗುಡ್ಡೆ. ನಮ್ಮ ತಿಪ್ಪೆಯ ಅರ್ಥದಲ್ಲೂ ಅದೇ ಪದವನ್ನು ಬಳಸುತ್ತಾರೆ.

ಮರ ಕೊಳೆಯುತ್ತದೆ, ಇಲ್ಲವೇ ಉರಿಯುತ್ತದೆ. ಉಳಿಯುವುದು ಮಣ್ಣು. ಹಾಗಾಗಿ ಇಂಥ ಕೋಟೆಯ ಅವಶೇಷವೆಂದರೆ ಒಂದು ದಿಬ್ಬ, ಒಂದು ಅಗಳು, ಒಂದು ಅಂಗಳದ ಏರಿ. ಇವಿಷ್ಟೂ ಸಖಾರ್ಥ್‌ನಲ್ಲಿ ಕಣ್ಣಿಗೆ ಕಟ್ಟುವ ಹಾಗೆ ಉಳಿದಿವೆ.

ನಾನು ಅಲ್ಲಿಗೆ ನಾಲ್ಕು ಸಲ ಹೋಗಿದ್ದೇನೆ. ಅವುಗಳಲ್ಲಿ ಬರೆಯಲೇಬೇಕಾದದ್ದು ಮೊನ್ನೆ ಮೇ ತಿಂಗಳಲ್ಲಿ ಅಪ್ಪನನ್ನು ಕರೆದುಕೊಂಡು ಹೋದದ್ದು. ಅಪ್ಪ ಅರಸೀಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ನೀರಗಂಟಿಯಾಗಿದ್ದವರು. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ನಿಂತು ಹಂಚುವುದು ಅವರ ಕೆಲಸವಾಗಿತ್ತು. ಎರಡು ಸಲ ಅವರಿಗೆ ಸಖಾರ್ಥ್ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಎರಡು ಸಲವೂ ಕೆಲಸದ ಪಾಳಿ ಬದಲಾಗಿ ತಪ್ಪಿಹೋಗಿತ್ತು. ಅವರು ಊರಿಗೆ ಹೊರಡಲು ಇನ್ನು ಹತ್ತು ದಿನ ಇದೆ ಎನ್ನುವಾಗ ರಜೆ ಸಿಕ್ಕಿತು.

ಹೋಗುವಾಗಲೇ ದಾರಿ ತಪ್ಪಿತು. ಮೊಬೈಲಿನ ನಕ್ಷೆ ನಮ್ಮನ್ನು ಒಂದು ಹೊಲದ ಮನೆಯ ಅಂಗಳಕ್ಕೆ ತಂದು ನಿಲ್ಲಿಸಿತು. ಅಲ್ಲಿದ್ದ ಹೆಂಗಸು ಬೂಟಿನ ಕೆಸರು ಕೆರೆಯುತ್ತಿದ್ದವರು ಕೈಯಲ್ಲಿದ್ದ ಕಡ್ಡಿಯಲ್ಲೇ ನೆಲದ ಮೇಲೆ ಗೆರೆ ಎಳೆದು ದಾರಿ ತೋರಿಸಿದರು. ದೊಡ್ಡ ರಸ್ತೆಯಿಂದ ಕವಲೊಡೆಯುವ ಕಿರಿದಾದ ದಾರಿ ಅದು. ಎದುರಿನಿಂದ ಟ್ರ್ಯಾಕ್ಟರ್ ಬಂದರೆ ನಾವೇ ಹಿಂದೆ ಸರಿಯಬೇಕು. ಎರಡು ಕಡೆಯೂ ಹಾಥಾರ್ನ್ ಬೇಲಿ, ಬೆಳ್ಳಗೆ ಹೂ ಬಿಟ್ಟಿತ್ತು. ಕಾರು ನಿಲ್ಲಿಸಿ ಗೇಟು ತೆರೆದು ಒಳಗೆ ಕಾಲಿಟ್ಟರೆ ಕುರಿಗಳ ಹುಲ್ಲುಗಾವಲು. ಮರಿ ಹಾಕಿದ ಕುರಿಗಳು, ಆ ತಿಂಗಳ ಎಳೆ ಮರಿಗಳು. ಹುಲ್ಲುಗಾವಲಿನ ಆಚೆ, ಮರಗಳ ನಡುವೆ, ಬೋರಲು ಹಾಕಿದ ಬುಟ್ಟಿಯ ಹಾಗೆ ದಿಬ್ಬ.

ಅಪ್ಪ ಗೇಟಿನ ಬಳಿಯೇ ನಿಂತು ಒಂದು ನಿಮಿಷ ನೋಡಿದರು. "ಇದು ಹುಟ್ಟು ಗುಡ್ಡವಲ್ಲ ಕಣಮ್ಮ, ಹಾಕಿದ ಮಣ್ಣು," ಎಂದರು. ನಾನು ಇನ್ನೂ ಏನನ್ನೂ ವಿವರಿಸಿರಲಿಲ್ಲ.

ದಿಬ್ಬ ಹತ್ತುವುದು ಕಷ್ಟವೇನಲ್ಲ, ಆದರೆ ಮೆಟ್ಟಿಲಿಲ್ಲ, ಹಿಡಿದುಕೊಳ್ಳಲು ಕಂಬಿಯಿಲ್ಲ. ಹುಲ್ಲು ಒದ್ದೆಯಾಗಿದ್ದರೆ ಜಾರುತ್ತದೆ. ಮಂಡಿನೋವಿನ ಅಪ್ಪನನ್ನು ಓರೆಯಾಗಿ ನಡೆಸಿಕೊಂಡು ಹೋದೆ. ಮೇಲೆ ಹೋದರೆ ಸಮತಟ್ಟಾದ ನೆತ್ತಿ. ನಮ್ಮೂರಿನ ರಾಗಿ ಕಣ ಎರಡು ಮೂರು ಜೋಡಿಸಿದಷ್ಟು ಅಗಲ. ಕೆಳಗೆ ಸುತ್ತಲೂ ಅಗಳಿನ ತಗ್ಗು, ಅದರಾಚೆ ಬೈಲಿಯ ಅಂಗಳ, ಅದರಾಚೆ ಕಣಿವೆ, ದೂರದಲ್ಲಿ ಬೆಟ್ಟದ ಸಾಲು. ಕುರಿಯ ಕೂಗು ಮತ್ತು ಗಾಳಿ ಬಿಟ್ಟರೆ ಸದ್ದಿಲ್ಲ. ನಾವು ಇದ್ದ ಎರಡು ಗಂಟೆಯಲ್ಲಿ ನಾಯಿ ಹಿಡಿದುಕೊಂಡ ಒಬ್ಬ ಮುದುಕರು ಮಾತ್ರ ಬಂದರು, ತಲೆಯಾಡಿಸಿದರು, ಹೋದರು.

ಈ ನೆತ್ತಿಯ ಮೇಲೆ, 1400ರಲ್ಲಿ ಇಂಗ್ಲಿಷರ ಆಳ್ವಿಕೆಯ ವಿರುದ್ಧ ದಂಗೆ ಎದ್ದ ಓವೈನ್ ಗ್ಲಿನ್‌ಡೂರ್‌ನ ಮನೆ ಇತ್ತು. ವೇಲ್ಸ್‌ನಲ್ಲಿ ಈ ಹೆಸರು ಹೇಳಿದರೆ ಜನ ಇವತ್ತಿಗೂ ಬೆನ್ನು ನೆಟ್ಟಗೆ ಮಾಡುತ್ತಾರೆ. ತಂದೆಯ ಕಡೆಯಿಂದ ಪೋವಿಸ್ ನಾಡಿನ ಹಳೆಯ ಅರಸುಮನೆತನದವನು. ಇಂಗ್ಲಿಷ್ ದೊರೆಯ ಸೇನೆಯಲ್ಲಿ ಸ್ಕಾಟ್ಲೆಂಡಿಗೆ ಹೋಗಿಬಂದವನು. ಹೆಂಡತಿ ಮಾರ್ಗರೆಟ್ ಹ್ಯಾನ್‌ಮರ್ ಒಬ್ಬ ನ್ಯಾಯಾಧೀಶನ ಮಗಳು. ಅಂದರೆ ದಂಗೆ ಏಳಲು ಅವಸರವಿದ್ದ ಮನುಷ್ಯನಲ್ಲ. ಉಂಡು ಉಟ್ಟು ನಾಲ್ಕು ಜನಕ್ಕೆ ಇಕ್ಕಿ ಬದುಕುತ್ತಿದ್ದ ಮನೆತನಸ್ಥ. ಅವನ ಈ ಮನೆ ಹೇಗಿತ್ತು ಎಂಬುದು ನಮಗೆ ಗೊತ್ತಾಗುವುದು ಕವಿಯೊಬ್ಬನ ದೆಸೆಯಿಂದ. ಯೋಲೋ ಗೋಖ್ ಎಂಬ ಮುಪ್ಪಿನ ಕವಿ 1390ರ ಸುಮಾರಿಗೆ ಸಖಾರ್ಥ್ ಮನೆಯನ್ನು ಕುರಿತು ಪದ್ಯ ಕಟ್ಟಿದ. ಅದು ಶುರುವಾಗುವುದೇ "ಬರುತ್ತೇನೆಂದು ನಿನಗೆ ಎರಡು ಸಲ ಮಾತು ಕೊಟ್ಟಿದ್ದೆ" ಎಂಬ ಅರ್ಥದ ಸಾಲಿನಿಂದ. ಅಪ್ಪನಿಗೆ ಇದನ್ನು ಹೇಳಿದಾಗ ನನ್ನ ಮುಖ ನೋಡಿ ಸುಮ್ಮನಾದರು.

ನನ್ನ ಕಿವಿಮಾತು ಇಷ್ಟೇ: ಆ ಪದ್ಯದ ಅನುವಾದವನ್ನು ಮೊದಲು ಓದಿಕೊಳ್ಳಿ, ಆಮೇಲೆ ದಿಬ್ಬ ಹತ್ತಿ. ನಾನು ಮೊದಲ ಸಲ ಹೋದಾಗ ಓದಿರಲಿಲ್ಲ. ಹತ್ತು ನಿಮಿಷದಲ್ಲಿ ಇಳಿದು ಬಂದಿದ್ದೆ. ಎರಡನೆಯ ಸಲ ಓದಿಕೊಂಡು ಹೋದೆ, ಸಂಜೆಯಾದದ್ದೇ ತಿಳಿಯಲಿಲ್ಲ. ನೀರು ತುಂಬಿದ ಅಗಳು ಮನೆಯನ್ನು ಬಳಸಿದೆ ಎನ್ನುತ್ತಾನೆ ಕವಿ. ನಿಮ್ಮ ಕಾಲ ಕೆಳಗೆ ಆ ಅಗಳಿನ ತಗ್ಗು ಇದೆ. ನೀರಿನ ಮೇಲೆ ಸೇತುವೆ, ನೂರು ಹೊರೆ ಒಳಗೆ ಹೋಗುವಷ್ಟು ಅಗಲದ ಬಾಗಿಲು ಎನ್ನುತ್ತಾನೆ; ಸೇತುವೆ ಎಲ್ಲಿ ಬಿದ್ದಿರಬಹುದು ಎಂದು ನೀವೇ ದಂಡೆಯ ಮೇಲೆ ನಡೆದು ಹುಡುಕುತ್ತೀರಿ. ಮರದ ಕಂಬಗಳ ಮೇಲೆ ನಿಂತ ಅಟ್ಟಗಳು, ಅವುಗಳಲ್ಲಿ ಕವಿಗಳಿಗೆ ಮಲಗಲು ಜಾಗ, ಹೆಂಚಿನ ಮಾಡು. ಹಣ್ಣಿನ ತೋಟ, ದ್ರಾಕ್ಷಿ ತೋಟ, ಗಿರಣಿ, ಪಾರಿವಾಳದ ಗೂಡು, ಮೀನಿನ ಕೊಳ, ನವಿಲು, ಜಿಂಕೆ. ಶ್ರೂಸ್‌ಬರಿ ಊರಿನಿಂದ ತರಿಸಿದ ಬಿಯರ್, ಬಿಳಿ ರೊಟ್ಟಿ. ಮನೆಯೊಡತಿಯ ಗುಣ, ಜೋಡಿ ಜೋಡಿಯಾಗಿ ಓಡಿಬರುವ ಮಕ್ಕಳು. ಆ ಮನೆಯಲ್ಲಿ ಅಗುಳಿ, ಬೀಗ ಕಾಣುವುದೇ ಅಪರೂಪ, ಬಾಗಿಲು ಕಾಯುವವನೂ ಇಲ್ಲ, ಹಸಿವು ಬಾಯಾರಿಕೆ ಎಂಬ ಮಾತೇ ಅಲ್ಲಿಲ್ಲ ಎನ್ನುತ್ತಾನೆ. ಹೊಗಳಿಕೆ ಕವಿಯ ಕಸುಬು, ತುಸು ಹೆಚ್ಚೇ ಹೊಗಳಿರಬಹುದು. ಆದರೂ ಕೊಳ, ಅಗಳು ಇಂದಿಗೂ ಗುರುತಿಗೆ ಸಿಗುವಾಗ ಉಳಿದದ್ದನ್ನು ನಂಬದಿರಲು ನನಗೆ ಮನಸ್ಸು ಬರುವುದಿಲ್ಲ.

ನಾನು ಮೊಬೈಲಿನಲ್ಲಿ ಇಂಗ್ಲಿಷ್ ಅನುವಾದ ನೋಡಿಕೊಂಡು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಹೊಗೆ ಕಟ್ಟದ ಚಿಮಣಿ ಇತ್ತು ಎಂಬಲ್ಲಿಗೆ ಬಂದಾಗ ಅಪ್ಪ ಕೈಯೆತ್ತಿ ತಡೆದರು. "ಆರುನೂರು ವರ್ಷದ ಹಿಂದೆಯೇ?" ಎಂದು ಕೇಳಿದರು. ಹೌದು ಎಂದೆ. "ನಿಮ್ಮ ಅಜ್ಜಿಯ ಕಣ್ಣು ಹೋದದ್ದೇ ಒಲೆಯ ಹೊಗೆಯಿಂದ. ಅಂಥದ್ದನ್ನು ಗಮನಿಸಿ ಬರೆದಿದ್ದಾನೆಂದರೆ ಆ ಕವಿ ಅಡುಗೆಮನೆಗೂ ಹೋಗಿಬಂದವನು," ಎಂದರು. ಈ ಪದ್ಯದ ಬಗ್ಗೆ ಎಷ್ಟೋ ಓದಿದ್ದೇನೆ, ಈ ಮಾತನ್ನು ಹೇಳಿದವರು ಬೇರೆ ಯಾರೂ ಇಲ್ಲ.

ದಿಬ್ಬದಿಂದ ಇಳಿದ ಮೇಲೆ ನನ್ನ ಪಾಡಿಗೆ ಕಾರಿನ ಕಡೆ ಹೊರಟಿದ್ದೆ. ಅಪ್ಪ ಬರಲಿಲ್ಲ. ತಿರುಗಿ ನೋಡಿದರೆ ಕೆಳಗಿನ ತಗ್ಗಿನಲ್ಲಿ, ಜೊಂಡು ಬೆಳೆದ ಕಡೆ, ಪಂಚೆಯನ್ನು ಎತ್ತಿ ಕಟ್ಟಿದಂತೆ ಪ್ಯಾಂಟನ್ನು ಮಂಡಿಯವರೆಗೆ ಮಡಿಸಿ ನಿಂತಿದ್ದರು. ನನಗೆ ಅದು ಬರೀ ಜೌಗು. ಅವರು ಕೈಗೋಲಿನಿಂದ ತೋರಿಸುತ್ತಾ ಹೋದರು. "ಇಲ್ಲಿ ನೋಡು, ನೆಲ ಸ್ವಲ್ಪ ಎದ್ದಿದೆ, ಉದ್ದಕ್ಕೂ ಒಂದೇ ಸಮ. ಇದು ಏರಿ. ನೀರು ನಿಂತಿದ್ದದ್ದು ಆ ಕಡೆ. ಜೊಂಡು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಹೂಳು. ಏರಿ ತಗ್ಗಾಗಿರುವ ಈ ಕಡೆ ಕೋಡಿ ಇದ್ದಿರಬೇಕು." ಕೋಲನ್ನು ಜೊಂಡಿನ ಬುಡದಲ್ಲಿ ಊರಿದರು, ಪಚಕ್ಕೆಂದು ಗೇಣುದ್ದ ಇಳಿಯಿತು. ಏರಿಯ ಮೇಲೆ ಊರಿದರು, ಇಳಿಯಲಿಲ್ಲ. ಕವಿ ಹಾಡಿದ ಮೀನಿನ ಕೊಳ ಇಲ್ಲೇ ಇತ್ತೆಂದು ನಾನೂ ಓದಿದ್ದೆ. ಹಿಂದಿನ ಮೂರು ಸಲವೂ ಅದರ ಅಂಚಿನಲ್ಲೇ ನಡೆದು, ಕೆಸರೆಂದು ಬಳಸಿಕೊಂಡು ಹೋಗಿದ್ದೆ.

ಇನ್ನು ಈ ಮನೆ ಏನಾಯಿತೆಂಬ ಸಂಗತಿ. ನೆರೆಯ ರುಥಿನ್‌ನ ಇಂಗ್ಲಿಷ್ ಪ್ರಭು ರೆಜಿನಾಲ್ಡ್ ಗ್ರೇ ಜೊತೆಗೆ ಓವೈನ್‌ಗೆ ಜಮೀನಿನ ತಕರಾರು ಇತ್ತು. ನ್ಯಾಯ ದೊರಕಲಿಲ್ಲ. 1400ರ ಸೆಪ್ಟೆಂಬರ್ 16ರಂದು ಓವೈನ್‌ನ ಇನ್ನೊಂದು ನೆಲೆಯಾದ ಗ್ಲಿನ್‌ಡವರ್ದ್ವಿಯಲ್ಲಿ ಅವನ ಕಡೆಯವರು ಅವನನ್ನು ವೇಲ್ಸ್‌ನ ರಾಜಕುಮಾರನೆಂದು ಸಾರಿದರು. ದಂಗೆ ನಾಡೆಲ್ಲ ಹಬ್ಬಿತು. 1403ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಯುವರಾಜ ಹೆನ್ರಿ, ಇನ್ನೂ ಹದಿಹರೆಯದ ಹುಡುಗ, ಸೇನೆಯೊಂದಿಗೆ ಸಖಾರ್ಥ್‌ಗೆ ಬಂದ. ಅವನೇ ಮುಂದೆ ಐದನೆಯ ಹೆನ್ರಿ ದೊರೆಯಾಗಿ ಫ್ರೆಂಚರ ಮೇಲೆ ಆಜಿನ್‌ಕೂರ್ ಯುದ್ಧ ಗೆದ್ದವನು. ಬಂದಾಗ ಇಲ್ಲಿ ಯಾರೂ ಇರಲಿಲ್ಲ. ಮೇ 15ರಂದು ಅವನು ಕಳುಹಿಸಿದ ಪತ್ರ ಉಳಿದುಬಂದಿದೆ. ಓವೈನ್‌ನ ಮನೆಯನ್ನೂ ಸುತ್ತಲಿನ ಒಕ್ಕಲುಗಳ ಮನೆಗಳನ್ನೂ ಸುಟ್ಟೆವು, ಅಲ್ಲಿಂದ ಗ್ಲಿನ್‌ಡವರ್ದ್ವಿಗೆ ಹೋಗಿ ಅಲ್ಲಿನ ಮನೆಯನ್ನೂ ಸುಟ್ಟೆವು ಎಂದು ಅದರಲ್ಲಿ ವರದಿ ಒಪ್ಪಿಸಿದ್ದಾನೆ. ಸೆರೆಸಿಕ್ಕ ಓವೈನ್ ಕಡೆಯ ಒಬ್ಬ ಗಣ್ಯ ಬಿಡುಗಡೆಗಾಗಿ 500 ಪೌಂಡ್ ಕೊಡುತ್ತೇನೆಂದನಂತೆ, ಒಪ್ಪದೆ ಕೊಂದರು. ಇವೆಲ್ಲವನ್ನೂ ಲೆಕ್ಕ ಒಪ್ಪಿಸುವ ಧಾಟಿಯಲ್ಲಿ ಬರೆದಿದೆ.

ಬೀಗವಿಲ್ಲದ ಮನೆಯನ್ನು ಸುಡಲು ಎಷ್ಟು ಹೊತ್ತು ಬೇಕು? ಮರದ ಕಂಬ, ಮರದ ಅಟ್ಟ. 1962-63ರಲ್ಲಿ ಪುರಾತತ್ವ ತಜ್ಞರು ನೆತ್ತಿಯನ್ನು ಅಗೆದಾಗ ಮರದ ಕಟ್ಟಡದ ನೆಲೆಯೂ ಬೆಂಕಿ ಬಿದ್ದ ಕುರುಹೂ ಸಿಕ್ಕವು. ಅಗೆದದ್ದನ್ನು ಮತ್ತೆ ಮುಚ್ಚಿದ್ದಾರೆ. ನೀವು ಕುಳಿತ ಹುಲ್ಲಿನ ಅಡಿಯಲ್ಲೇ ಅದೆಲ್ಲ ಇದೆ. ಓವೈನ್ ಆಮೇಲೆ 1404ರಲ್ಲಿ ಮಖನ್‌ಲೆಥ್‌ನಲ್ಲಿ ಸಂಸತ್ತು ನಡೆಸಿದ, ಹಾರ್ಲೆಖ್ ಕೋಟೆಯನ್ನು ಹಿಡಿದ. 1409ರಲ್ಲಿ ಹಾರ್ಲೆಖ್ ಕೈತಪ್ಪಿದಾಗ ಮಾರ್ಗರೆಟ್ ಮತ್ತು ಹೆಣ್ಣುಮಕ್ಕಳು ಸೆರೆಯಾಗಿ ಲಂಡನ್ ಸೇರಿದರು. ಅವನು ಮಾತ್ರ ಕೊನೆಯವರೆಗೂ ಸಿಗಲಿಲ್ಲ. ಅವನ ಸಮಾಧಿ ಎಲ್ಲಿದೆ ಎಂಬುದು ಇಂದಿಗೂ ವಾದದ ವಿಷಯ. ಜೋಡಿಯಾಗಿ ಓಡಿಬರುತ್ತಿದ್ದ ಮಕ್ಕಳ ಸಾಲನ್ನು ಓದಿ, ಆಮೇಲೆ ಆ ಸೆರೆಯ ಸಂಗತಿ ನೆನೆದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ.

ಕೊರತೆಗಳು ಇವೆ. ದೊಡ್ಡ ರಸ್ತೆಯಲ್ಲಿ ಎದ್ದು ಕಾಣುವ ಫಲಕ ಬೇಕಿತ್ತು. ವೇಲ್ಸ್ ನಾಡಿನ ಇಷ್ಟು ದೊಡ್ಡ ಹೆಸರಿನ ಮನೆಗೆ ಹೋಗಲು ಹೊಲದ ಮನೆಯ ಬಾಗಿಲು ತಟ್ಟಿ ದಾರಿ ಕೇಳುವಂತಾಗಬಾರದು. ಅರ್ಧ ಅಂಕ ಕಳೆದದ್ದು ಇದಕ್ಕೇ. ವಿವರದ ಫಲಕದಲ್ಲಿ ಪದ್ಯದ ಇನ್ನಷ್ಟು ಸಾಲುಗಳಿದ್ದರೆ, ಕೊಳದ ಏರಿಯ ಪಕ್ಕದಲ್ಲಿ ಇದು ಏರಿ ಎಂದು ಬರೆದ ಒಂದು ಗೂಟವಾದರೂ ಇದ್ದರೆ ಬಂದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಜಾಗ ಖಾಸಗಿ ಜಮೀನಿನಲ್ಲಿದೆ, ಸಂರಕ್ಷಿತ ಸ್ಮಾರಕವೂ ಹೌದು. ಇದನ್ನು ಸರ್ಕಾರವೇ ಕೊಂಡು ನಾಡಿನ ಆಸ್ತಿಯಾಗಿಸಬೇಕೆಂದು ಸಾವಿರಾರು ಜನ ಸಹಿ ಹಾಕಿ ವೇಲ್ಸ್‌ನ ಶಾಸನಸಭೆಗೆ ಮನವಿ ಕೊಟ್ಟಿದ್ದಾರೆ. ನನ್ನ ಆಸೆಯೂ ಅದೇ, ಒಂದು ಷರತ್ತಿನೊಂದಿಗೆ: ದಿಬ್ಬದ ಮೇಲೆ ಸಿಮೆಂಟಿನ ಮೆಟ್ಟಿಲು, ಕಬ್ಬಿಣದ ಕಟಾಂಜನ ಹಾಕಬಾರದು. ನಮ್ಮ ಆಸ್ವೆಸ್ಟ್ರಿಯ ಪೇಟೆಯ ನಡುವೆಯೂ ಇಂಥದ್ದೇ ನಾರ್ಮನ್ ದಿಬ್ಬವಿದೆ. ಉದ್ಯಾನವಾಗಿದೆ, ಅಚ್ಚುಕಟ್ಟಾಗಿದೆ, ಮಕ್ಕಳನ್ನು ಆಡಿಸಲು ನಾನೇ ಎಷ್ಟೋ ಸಲ ಹೋಗಿದ್ದೇನೆ. ಆದರೆ ಅಲ್ಲಿ ನಿಂತು ಹಳೆಯದೇನನ್ನೂ ಕಣ್ಣಮುಂದೆ ತಂದುಕೊಳ್ಳಲು ನನಗೆ ಒಮ್ಮೆಯೂ ಆಗಿಲ್ಲ.

ಹೋಗುವವರಿಗೆ: ಪ್ರವೇಶಕ್ಕೆ ದುಡ್ಡಿಲ್ಲ. ಶೌಚಾಲಯ, ಅಂಗಡಿ ಏನೂ ಇಲ್ಲ. ಊರಲ್ಲೇ ಮುಗಿಸಿಕೊಂಡು, ನೀರು ತಿಂಡಿ ಕಟ್ಟಿಕೊಂಡು ಹೊರಡಿ. ನಾವು ಚಿತ್ರಾನ್ನ ಒಯ್ದಿದ್ದೆವು. ಮಳೆ ಬಂದ ಮರುದಿನವಾದರೆ ಗಂಬೂಟು ಬೇಕೇ ಬೇಕು. ಗಾಲಿಕುರ್ಚಿ ಹೋಗುವುದಿಲ್ಲ. ಎಲೆ ದಟ್ಟವಾಗುವ ಮೊದಲು, ಏಪ್ರಿಲ್ ಕೊನೆ ಅಥವಾ ಮೇ ಮೊದಲಲ್ಲಿ ಹೋದರೆ ದಿಬ್ಬದ ಆಕಾರ ಪೂರ್ತಿ ಕಾಣುತ್ತದೆ. ಹೊತ್ತಿದ್ದರೆ ಲಾನ್‌ಸಿಲಿನ್ ಚರ್ಚಿಗೂ ಹೋಗಿಬನ್ನಿ. ಹದಿನೇಳನೆಯ ಶತಮಾನದ ವೆಲ್ಷ್ ಕವಿ ಹ್ಯೂ ಮೋರಿಸ್‌ನನ್ನು ಮಣ್ಣು ಮಾಡಿದ್ದು ಅಲ್ಲಿಯೇ.

ಅಪ್ಪ ಹೊರಡುವ ಮುನ್ನ ಏರಿಯ ಮೇಲಿನ ಒಂದು ಚಿಟಿಕೆ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳಲು ಬಗ್ಗಿದರು. "ಅಪ್ಪಾ, ಇಲ್ಲಿಂದ ಏನನ್ನೂ ತೆಗೆದುಕೊಂಡು ಹೋಗುವ ಹಾಗಿಲ್ಲ, ಕಾನೂನು ಇದೆ," ಎಂದೆ. ತಕ್ಷಣ ಕೈ ಹಿಂದೆಗೆದುಕೊಂಡರು. ಬೆರಳಿಗೆ ಅಂಟಿದ್ದನ್ನು ಉಜ್ಜಿ ನೋಡಿ, "ಒಳ್ಳೆಯ ಜೇಡಿ. ಅದಕ್ಕೇ ನಿಂತಿದೆ," ಎಂದು ಅಲ್ಲೇ ಉದುರಿಸಿದರು. ಗೇಟಿನ ಚಿಲಕವನ್ನು ಅವರೇ ಹಾಕಿದರು, ಅಲುಗಾಡಿಸಿ ನೋಡಿದರು, ಮರಿಗಳು ರಸ್ತೆಗೆ ಬಂದಾವೆಂದು ಮತ್ತೊಮ್ಮೆ ಹೋಗಿ ನೋಡಿಬಂದರು. ನೀವೂ ಹೋದಾಗ ಗೇಟು ಮುಚ್ಚಲು ಮರೆಯಬೇಡಿ.